ಲಾಡ್ಲೇಸಾಬರ ಇಂಗ್ಲಿಷು

ಭೋಸರಿಯ ಜೆ ಬ್ಲಾಕು, ತಗಡಿನ ಗಾಳಾ,
ಮೂರು ಲೇತು, ಒಂದು ಡ್ರಿಲ್ಲು,
ಗೋಡೆಗೆ ಎಣ್ಣೆ ಸಿಡಿದ ವಿಠೋಬ.
ಎರಡನೇ ಪಾಳಿ.
ನನ್ನದು ಮೂಲೆಯ ಮೇಜು, ಮೈಕ್ರೋಮೀಟರು, ಕೆಂಪು ಬಣ್ಣದ ಡಬ್ಬಿ.
ಅವರು ಕಡೆದದ್ದನ್ನು ನಾನು ಅಳೆಯುತ್ತೇನೆ,
ತಪ್ಪಿದ್ದಕ್ಕೆ ಕೆಂಪು ಬಳಿಯುತ್ತೇನೆ.

ಆಳಂದದ ಲಾಡ್ಲೇಸಾಬರಿಗೆ ಬರುತ್ತಿದ್ದದ್ದು
ಇಂಗ್ಲಿಷಿನ ಒಂದೇ ಶಬ್ದ.
ಗೇಟ್‌ಪಾಸಿನಲ್ಲಿ ಹೆಸರಿನ ಕೆಳಗಿದ್ದದ್ದು: ಟರ್ನರ್.
ಅದರ ಬಾಲ ಕತ್ತರಿಸಿ
ಮೂವತ್ತೊಂದು ವರ್ಷ ಬಾಳಿಸಿದರು,
ಒಂದೇ ಪಾನಾದಿಂದ ಮನೆಯ ಎಲ್ಲ ನಟ್ಟು ಬಿಚ್ಚುವವರ ಹಾಗೆ.

‘ನೀಲಾ, ಹಾಲು ಟರ್ನ್ ಆಗ್ಯಾದ, ಕರೀ ಚಾನೇ ಕುಡಿ.’
‘ನಮ್ಮ ಜರೀನಾ ನಾಳಿಗಿ ಹದಿನೆಂಟು ಟರ್ನ್ ಆಗ್ತಾಳ.’
ಸಾಲ ಕೇಳಲು ಹೋದ ದಿನ
ಹೊಸ ಅಂಗಿಯ ಗುಂಡಿ ಬಿಚ್ಚುತ್ತ,
‘ಬ್ಯಾಂಕಿನವ್ರು ಬಾಗಿಲದಾಗೇ ಟರ್ನ್ ಮಾಡಿ ಕಳಿಸಿದ್ರು.’
ನಾನು ಹನ್ನೆರಡನೇ ಇಯತ್ತೆ ಪಾಸಾದವಳು.
ಬಿದ್ದು ಬಿದ್ದು ನಗುತ್ತಿದ್ದೆ.

ಫೋರ್‌ಮನ್ ಗಾವಡೆಗೆ ಒಂದೇ ದೂರು,
ಈ ಹುಡುಗರಿಗೆ ವಳಣ ಇಲ್ಲ.
ವಳಣ ಅಂದರೆ ಮರಾಠಿಯಲ್ಲಿ ರಸ್ತೆಯ ತಿರುವು,
ವಳಣ ಅಂದರೆ ನಡತೆ, ಕೈಬರಹದ ಬಾಗು ಕೂಡ.
‘ನಮ್ಮ ಕಡಿ ತಿರುಗೋನು ಅಂದ್ರ ಪೋಲಿ,
ನಿಮ್ಮ ಕಡಿ ತಿರುವು ಇದ್ದವನೇ ಶಾಣ್ಯಾ ಏನ್ರಿ?’
ಕೇಳಿ, ಉತ್ತರಕ್ಕೆ ಕಾಯದೆ
ಚಕ್ಕಿಗೆ ಹಿತ್ತಾಳೆಯ ರಾಡು ಬಿಗಿದರು ಲಾಡ್ಲೇಸಾಬರು.
ಸುರುಳಿ ಸುರುಳಿ ಚೂರು, ಬಿಸಿಬಿಸಿ, ಬಂಗಾರದ ಸುಳ್ಳು,
ಅವರ ಹರಿದ ಬೂಟಿನ ಸುತ್ತ ಗುಡ್ಡೆ.

ಪಾಲಖಿಗಾಗಿ ಬಸ್ಸುಗಳೆಲ್ಲ ದಾರಿ ಬದಲಿಸಿದ ವಾರ
ತಡವಾಗಿ ಬಂದರು, ಸ್ಟೂಲಿನ ಮೇಲೆ ಕೂತರು.
‘ನಿನ್ನಿ ರಾತ್ರಿ ನನಗೊಂದು ಟರ್ನ್ ಬಂದಿತ್ತು.’
‘ಯಾತರ ಟರ್ನ್ ಚಾಚಾ,
ನಲ್ಲಿಯದಾ, ಪಾಯಖಾನೆಯದಾ?’
ಎಲ್ಲರೂ ನಕ್ಕರು. ಅವರೂ.
ಎಡಗೈ ಬೆರಳು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ
ನೋಡಿಕೊಳ್ಳುತ್ತಿದ್ದರು.

ದೀಪಾವಳಿ ಬೋನಸ್ಸಿನಲ್ಲಿ
ಅಪ್ಪಾ ಬಳವಂತ ಚೌಕಿನಿಂದ ಹಳೆಯದೊಂದು ಡಿಕ್ಷನರಿ ತಂದೆ.
ಬೆನ್ನು ಕಿತ್ತದ್ದು, ಒಳಗೆ ಯಾವನೋ ಕೇಳಕರನ ಸಹಿ.
ಅವರು ಊರಿಗೆ ಹೋಗಿ ಆಗಲೇ ಮೂರು ತಿಂಗಳು.
ಎರಡೂವರೆ ಪುಟ, ಆ ಒಂದೇ ಶಬ್ದಕ್ಕೆ.
ಹಾಲು ಇತ್ತು. ಹದಿನೆಂಟು ಇತ್ತು.
ಬ್ಯಾಂಕಿನ ಬಾಗಿಲು ಇತ್ತು.
ಕೆಳಗೆ, ಇರುವೆಯಂಥ ಅಕ್ಷರದಲ್ಲಿ, ಮೂವತ್ತನಾಲ್ಕನೆಯ ಅರ್ಥ:
ಇದ್ದಕ್ಕಿದ್ದಂತೆ ಬರುವ ಬವಳಿ, ಮೈಯ ಕೇಡು.

ಗಾಳಾದಲ್ಲಿ ಆ ಹೊತ್ತು ಯಾರೂ ಇರಲಿಲ್ಲ.
ಉಗುರಿಗೆ ಹತ್ತಿದ ಕೆಂಪು
ಸೀಮೆಎಣ್ಣೆಯಲ್ಲಿ ಎಷ್ಟು ತಿಕ್ಕಿದರೂ.

ಒಂದು ಮಾತ್ರ ಆ ಪುಟಗಳಲ್ಲಿಲ್ಲ.
ನಾಶಿಕ್ ಫಾಟಾದಲ್ಲಿ ಕಲಬುರಗಿಯ ಬಸ್ಸಿನ ಕಿಟಕಿಯಿಂದ
ಒಂದು ಕಡೆಗೆ ಎಳೆದ ಬಾಯಲ್ಲೇ
‘ತಿರುಗಿ ಬರ್ತೀನಿ’ ಅಂದರಲ್ಲ,
ಆ ತಿರುಗಿ.
ಹೊರಳುವುದೂ ಅದರಲ್ಲೇ, ಮತ್ತೊಮ್ಮೆಯೂ ಅದರಲ್ಲೇ.
ಹೇಳುವಾಗ ಜರೀನಾ ಅವರ ಗಲ್ಲ ಒರೆಸುತ್ತಿದ್ದಳು.

ಈಗ ಆ ಲೇತಿಗೆ ಗೋಣಿಚೀಲ ಹೊದಿಸಿದ್ದಾರೆ.
ಗಾಜಿನ ಬಾಗಿಲಿನ ಹೊಸ ಮಷೀನು ಬಂದಿದೆ,
ಗುಂಡಿ ಒತ್ತುವ ಹುಡುಗನಿಗೆ ಚೂರು ಕಾಲಿಗೆ ಸಿಡಿಯುವುದೇ ಇಲ್ಲ.
ನನ್ನ ಡ್ರಾವರಿನಲ್ಲಿ ಚಾಚಾನ ಕೊನೆಯ ತುಂಡೊಂದಿದೆ,
ಎರಡು ಪಾಯಿಂಟು ಜಾಸ್ತಿ.
‘ತೆಗೀಲಿಕ್ಕೆ ಬರ್ತದ, ಹಚ್ಚಲಿಕ್ಕೆ ಬರಂಗಿಲ್ಲ’ ಎಂದು
ಯಾವಾಗಲೂ ಕೂದಲೆಳೆ ಉಳಿಸುತ್ತಿದ್ದವರು.
ಕೆಂಪು ಬಳಿದಿಲ್ಲ ನಾನು.
ಚೀಟಿ ಅಂಟಿಸಿದ್ದೇನೆ:
ಕೆಲಸ ಬಾಕಿ, ಇನ್ನೊಂದು ಸಲ ತಿರುಗಬೇಕು.